ಉಂಗುರದ ಸವೆದ ಪಕ್ಕ

ನೀವು ಹಲ್ಲಕ್ಕನ ಎದುರು ನಕ್ಕರೆ ಅವಳಿಗೆ ಮೊದಲು ಕಾಣುವುದು ನಗುವಲ್ಲ, ಹಲ್ಲು. ಮದುವೆ ಮನೆಯಲ್ಲಿ ಯಾರೋ ಪರಿಚಯದವರು ಬಾಯ್ತುಂಬ ನಕ್ಕು "ಹೇಗಿದ್ದೀರಿ?" ಎಂದರೆ, "ಚೆನ್ನಾಗಿದ್ದೀನಿ. ನೀವು ಎಡಗಡೆ ಅಗಿಯೋದು ಬಿಟ್ಟು ತುಂಬಾ ದಿನ ಆಯ್ತಲ್ವಾ?" ಎಂದು ಕೇಳುವ ಜಾಯಮಾನ ಅವಳದು. ಕೇಳಿಸಿಕೊಂಡವರು ಥಟ್ಟನೆ ಬಾಯಿ ಮುಚ್ಚುತ್ತಾರೆ. ಮುಚ್ಚಿ ಏನು ಬಂತು, ಅವಳು ನೋಡುವುದನ್ನು ಅಷ್ಟರಲ್ಲಿ ನೋಡಿ ಆಗಿರುತ್ತದೆ.

ಅಪ್ಪ ಅಮ್ಮ ಇಟ್ಟ ಹೆಸರು ಅವಳಿಗೂ ಒಂದು ಇದೆ. ಆದರೆ ಅರ್ಧ ಆಯುಸ್ಸು ಕಟ್ಟುಹಲ್ಲು ಮಾಡುತ್ತಲೇ ಕಳೆದವಳನ್ನು ಬೀದಿಯ ಜನ ಬೇರೆ ಇನ್ನೇನೆಂದು ಕರೆದಾರು? ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಮೇಲಿನ ಕೋಣೆ ಅವಳ ಕಾರ್ಖಾನೆ. ಕಿಟಕಿಗೆ ಒತ್ತಿಕೊಂಡು ಒಂದು ಮೇಜು, ಅದರ ಮೇಲೆ ಸ್ಪಿರಿಟ್ ದೀಪ, ಮೇಣದ ಹಾಳೆಗಳು, ಬಿಳಿ ಪ್ಲಾಸ್ಟರಿನ ಡಬ್ಬ, ಕಾಲಿರುವ ದೊಡ್ಡ ಭೂತಗನ್ನಡಿ. ಗೋಡೆಯ ಹಲಗೆಗಳ ಮೇಲೆ ಊರಿನ ದವಡೆಗಳೆಲ್ಲ ಪ್ಲಾಸ್ಟರಾಗಿ ಸಾಲಾಗಿ ಕೂತಿರುತ್ತವೆ. ಯಾರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ, ಯಾರು ದಾರವನ್ನು ಹಲ್ಲಿನಲ್ಲೇ ಕತ್ತರಿಸುತ್ತಾರೆ ಎಂಬುದನ್ನು ಆ ಅಚ್ಚುಗಳನ್ನು ನೋಡಿಯೇ ಹೇಳುತ್ತಾಳೆ. ಕೇಳಿದವರಿಗೆಲ್ಲ ಅವಳು ಹೇಳುವ ಮಾತು ಒಂದೇ: "ಹಲ್ಲು ತನ್ನಷ್ಟಕ್ಕೇ ಒಂದೇ ಕಡೆ ಚಪ್ಪಟೆ ಆಗಲ್ಲ ಕಣ್ರೀ. ಎದುರಿಗೆ ಇನ್ನೊಂದು ಇದ್ರೇನೇ ಆಗೋದು."

ಈ ಹೆಂಗಸಿನ ಕೈಗೆ ಅಮ್ಮನ ಉಂಗುರ ಬಂತು. ಅಮ್ಮ ಹೋಗಿ ಕೆಲವು ತಿಂಗಳಾಗಿತ್ತು. ಒಬ್ಬಳೇ ಮಗಳಾದ್ದರಿಂದ ಉಂಗುರಕ್ಕೆ ಬೇರೆ ವಾರಸುದಾರರಿರಲಿಲ್ಲ. ಮೊಟ್ಟೆಯಾಕಾರದ ಹಸಿರು ಹರಳು, ಅದರ ಸುತ್ತ ಸಾಸಿವೆಯಂಥ ಚಿನ್ನದ ಕಾಳುಗಳ ಸಾಲು. ಕೊಳೆ ಕೂತು ಚಿನ್ನ ಹಿತ್ತಾಳೆಯ ಬಣ್ಣಕ್ಕೆ ತಿರುಗಿತ್ತು. ಅಜ್ಜಿ ತನ್ನ ಬೆರಳಿನಿಂದ ತೆಗೆದು ಅಮ್ಮನಿಗೆ ಕೊಟ್ಟದ್ದು, ಅದಕ್ಕೂ ಹಿಂದೆ ಅದು ಮುತ್ತಜ್ಜಿಯ ಕೈಯಲ್ಲಿತ್ತು ಎಂಬಷ್ಟು ಮನೆಯವರಿಗೆಲ್ಲ ಗೊತ್ತಿತ್ತು. ಅಮ್ಮ ಬದುಕಿದ್ದಾಗ ಪಾತ್ರೆ ತೊಳೆಯಲು ಅದನ್ನು ಬಿಚ್ಚಿಡುವಾಗಲೆಲ್ಲ ಗೊಣಗುತ್ತಿದ್ದಳು: "ತಂಗಿಗಾದ್ರೆ ಪಳಪಳ ಹೊಳೆಯೋದು, ನನಗೆ ಮಾತ್ರ ಕೈಯಲ್ಲಿ ಹಾಕ್ಕೊಂಡಿದ್ದ ಹಳೇದು." ಹಲ್ಲಕ್ಕ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಮೇಣ ಆರುವ ತನಕ ಕೈ ಖಾಲಿ ಇತ್ತು. ಉಂಗುರ ಬಿಚ್ಚಿ ಭೂತಗನ್ನಡಿಯ ಕೆಳಗೆ ಹಿಡಿದಳು. ಎಷ್ಟು ಹಳೆಯದಿರಬಹುದು ಎಂಬ ಕುತೂಹಲ, ಅಷ್ಟೆ. ಆದರೆ ಕಣ್ಣು ರೂಢಿಯ ದಾರಿಯಲ್ಲೇ ಹೋಯಿತು. ಹರಳು ಕೂತ ಮನೆಯ ಒಂದು ಪಕ್ಕದಲ್ಲಿ ಕಾಳುಗಳು ಉರುಟಾಗಿದ್ದವು. ಇನ್ನೊಂದು ಪಕ್ಕದಲ್ಲಿ ಕಾಳುಗಳು ಸವೆದು ನುಣ್ಣಗೆ ಚಪ್ಪಟೆಯಾಗಿದ್ದವು. ಆ ಚಪ್ಪಟೆಯ ನಡುವೆ ಒಂದು ಪುಟ್ಟ ಗುಳಿ. ಹಲ್ಲಕ್ಕನ ಕಿವಿ ನೆಟ್ಟಗಾಯಿತು.

"ಅಲ್ಲಾ, ಇದರ ಎದುರಿಗೆ ಯಾವುದಿತ್ತು?" ಎಂದು ಗಟ್ಟಿಯಾಗಿಯೇ ಕೇಳಿದಳು. ಗೋಡೆಯ ಮೇಲಿನ ದವಡೆಗಳು ತುಟಿಪಿಟಕ್ಕೆನ್ನಲಿಲ್ಲ.

ಅಮ್ಮ ಎಂದೂ ಎರಡು ಉಂಗುರ ಹಾಕಿದವಳಲ್ಲ. ಅಜ್ಜಿಯ ಕೈಯಲ್ಲಿಯೂ ಹಲ್ಲಕ್ಕ ಕಂಡದ್ದು ಇದೊಂದನ್ನೇ. ಮರುದಿನ ಹಳೆ ಪೇಟೆಯ ಗಲ್ಲಿಯಲ್ಲಿದ್ದ ಅಕ್ಕಸಾಲಿಯ ಅಂಗಡಿಗೆ ಹೋದಳು. ಅವರು ನಿಧಾನಸ್ಥ ಮುದುಕರು, ಮಾತಿಗೂ ತೂಕ ಹಾಕಿಯೇ ಕೊಡುವವರು. ಉಂಗುರವನ್ನು ಬೆಳಕಿಗೆ ಹಿಡಿದರು, ಬೋರಲು ಹಾಕಿದರು, ಒಳಗಡೆ ಇಣುಕಿದರು.

"ಪಚ್ಚೆ ಅಲ್ಲಮ್ಮ. ಗಾಜು."

ಹಲ್ಲಕ್ಕನ ಮುಖ ಒಂದು ಗಳಿಗೆ ಸಪ್ಪಗಾಯಿತು. "ಹೋಗ್ಲಿ ಬಿಡಿ. ಎಷ್ಟು ಹಳೇದು ಹೇಳಿ."

"ಈಗಿನವರು ಹರಳಿನ ಹಿಂದೆ ಕಿಂಡಿ ಬಿಡ್ತಾರೆ, ಬೆಳಕು ಆಡಲಿ ಅಂತ. ಇದನ್ನ ಹಿಂದೆ ಪೂರ್ತಿ ಮುಚ್ಚಿದ್ದಾರೆ ನೋಡಿ. ಹರಳಿನ ಅಡಿಗೆ ತೆಳ್ಳಗೆ ತಗಡು ಇಟ್ಟು ಹೊಳಪು ಬರಿಸಿದ್ದಾರೆ. ಹರಳಿನ ಮುಖಗಳೂ ಒಂದರ ಹಾಗೆ ಒಂದಿಲ್ಲ, ಕೈಯಲ್ಲೇ ಉಜ್ಜಿದ್ದು. ಮುದ್ರೆ ಗಿದ್ರೆ ಏನೂ ಇಲ್ಲ. ನಮ್ಮ ತಾತ ಕೆಲಸ ಕಲಿಯೋ ಹೊತ್ತಿಗೇ ಈ ಥರ ಕಟ್ಟೋದು ಬಿಟ್ಟಿದ್ರಂತೆ. ನೂರು ವರ್ಷ ಅಂತೂ ದಾಟಿದೆ. ಇಸವಿ ಹೇಳಿ ಅಂದ್ರೆ ನನ್ನ ಕೈಲಾಗಲ್ಲ."

"ಈ ಪಕ್ಕ ಯಾಕೆ ಹೀಗೆ?"

"ಹಾಕ್ಕೊಂಡು ಹಾಕ್ಕೊಂಡು ಸವೆದಿದೆ."

"ಬರೀ ಹಾಕ್ಕೊಂಡಿದ್ರೆ ಎರಡೂ ಕಡೆ ಸವೀಬೇಕಿತ್ತಲ್ಲ, ಯಜಮಾನ್ರೇ?"

ಮುದುಕರು ಕಣ್ಣಿಗೆ ದೊಡ್ಡದಾಗಿ ತೋರಿಸುವ ಗಾಜು ಏರಿಸಿದರು. ಈ ಸಲ ತುಂಬ ಹೊತ್ತು ನೋಡಿದರು. "ಹೌದಲ್ವಾ! ಇದರ ಜತೆಗೆ ಅದೇ ಬೆರಳಿಗೆ ಇನ್ನೊಂದು ಹಾಕ್ಕೋತಿದ್ರು. ಎಷ್ಟೋ ವರ್ಷ ಉಜ್ಜಾಡಿವೆ ಎರಡೂ. ಅದೆಲ್ಲಿದೆ?"

ಅದೇ ತಾನೆ ಪ್ರಶ್ನೆ! ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡರೆ ನಾಲಿಗೆ ಹೇಗೆ ಹೊತ್ತು ಗೊತ್ತಿಲ್ಲದೆ ಅಲ್ಲಿಗೇ ಹೋಗುತ್ತದೋ ಹಾಗೆ ಹಲ್ಲಕ್ಕನ ಮನಸ್ಸು ಅಲ್ಲಿಗೇ ಹೋಗತೊಡಗಿತು. ಅಜ್ಜಿಯಿಂದ ಬಂದ ಇನ್ನೊಂದು ಉಂಗುರ ಎಂದರೆ ಚಿಕ್ಕಮ್ಮನದು, ಅಮ್ಮನ ತಂಗಿಯದು. ಆದರೆ ಅದು ಹಳೆಯದೇ ಅಲ್ಲ ಎಂಬುದೇ ಆ ಮನೆತನದ ದೊಡ್ಡ ಮುನಿಸಾಗಿತ್ತಲ್ಲ.

ಆ ಕತೆಯನ್ನು ಇಲ್ಲೇ ಹೇಳಿಬಿಡಬೇಕು. ಅಜ್ಜಿಗೆ ಕೈಕಾಲು ಸೋತಾಗ ಇಬ್ಬರು ಹೆಣ್ಣುಮಕ್ಕಳನ್ನೂ ಕರೆಸಿದಳು. ದೊಡ್ಡವಳಿಗೆ ತನ್ನ ಬೆರಳಿನ ಹಸಿರು ಉಂಗುರವನ್ನು ಸೋಪು ಹಚ್ಚಿ ಬಿಚ್ಚಿ ಕೊಟ್ಟಳು. ಚಿಕ್ಕವಳ ಕೈಗೆ ಹತ್ತಿ ಹಾಸಿದ ಹೊಸ ಡಬ್ಬಿಯೊಂದನ್ನು ಇಟ್ಟಳು. ಅದರೊಳಗೆ ಕೆಂಪು ಹರಳಿನ ಉಂಗುರ, ಕಣ್ಣು ಕೋರೈಸುವ ಹೊಳಪು. "ಇಬ್ರಿಗೂ ಒಂದೇ ಸಮ ಕೊಟ್ಟಿದ್ದೀನಿ" ಅಂದಳು. ಮಾತು ಕಮ್ಮಿಯ ಹೆಂಗಸು, ಅಷ್ಟಕ್ಕೇ ಮುಗಿಸಿದಳು. ಚಿಕ್ಕವಳು ಉಂಗುರ ತಿರುಗಿಸಿ ಒಳಗೆ ನೋಡಿದಳು. ಅಂಗಡಿಯ ಮುದ್ರೆ ಇತ್ತು, ಮುದ್ರೆಯಲ್ಲಿ ಅದೇ ವರ್ಷದ ಇಸವಿ ಇತ್ತು. ಡಬ್ಬಿ ಮುಚ್ಚಿದಳು. ಅಕ್ಕನಿಗೆ ತಲೆಮಾರಿನ ಒಡವೆ, ನನಗೆ ಪೇಟೆಯಿಂದ ತಂದ ಸಮಾಧಾನ ಎಂಬುದು ಅಂದು ಮನಸ್ಸಿನಲ್ಲಿ ಕೂತದ್ದು ಕೂತೇಬಿಟ್ಟಿತು. ಹೆತ್ತವಳಿಗೆ ತಾನು ಯಾವತ್ತೂ ಲೆಕ್ಕಕ್ಕೇ ಇರಲಿಲ್ಲ ಎಂಬುದಕ್ಕೆ ಚಿಕ್ಕಮ್ಮನಿಗೆ ಆ ಇಸವಿಯೇ ಸಾಕ್ಷಿ. ಅಕ್ಕತಂಗಿಯರು ಬಂದುಹೋಗುವುದು ಬಿಡಲಿಲ್ಲ. ಆದರೆ ಬಂದವರು ಸೋಫಾದ ಅಂಚಿನಲ್ಲಿ ಕೂತು ಎದ್ದು ಹೋಗುತ್ತಿದ್ದರು.

ಹಲ್ಲಕ್ಕ ಫೋನು ಮಾಡಿದಳು. ಚಿಕ್ಕಮ್ಮ ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಎಂಬತ್ತರ ಹತ್ತಿರ ಬಂದರೂ ದನಿ ಇನ್ನೂ ಗಂಟೆ ಹೊಡೆದಂತೆ.

"ಚಿಕ್ಕಮ್ಮ, ನಿಮ್ಮ ಕೆಂಪು ಹರಳಿನ ಉಂಗುರ ಒಂದ್ಸಲ ನೋಡ್ಬೇಕಿತ್ತು."

"ನೋಡೋದಾದ್ರೆ ಈಗಲೇ ಬಾ. ನಾಳೆ ಹಳೆ ಪೇಟೆ ಅಕ್ಕಸಾಲಿ ಹತ್ರ ಕೊಡ್ತಾ ಇದ್ದೀನಿ. ಕರಗಿಸಿ ಮೊಮ್ಮಗಳಿಗೆ ಓಲೆ ಮಾಡಿಸ್ತೀನಿ. ಡಬ್ಬಿಯಲ್ಲಿ ಕೂತು ಕೂತು ನನ್ನ ಹೊಟ್ಟೆ ಉರಿಸಿದ್ದು ಸಾಕು."

ಕರಗಿದರೆ ಮುಗಿಯಿತು, ಆಮೇಲೆ ಎದುರುಬದುರು ಇಟ್ಟು ನೋಡಲು ಏನೂ ಉಳಿಯುವುದಿಲ್ಲ. ಹಲ್ಲಕ್ಕ ಮೇಣದ ಕೆಲಸವನ್ನು ಅಷ್ಟಕ್ಕೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡಳು.

ಚಿಕ್ಕಮ್ಮನದು ಮೂರನೇ ಮಹಡಿಯ ಪುಟ್ಟ ಮನೆ. ಬಾಗಿಲು ತೆರೆದವರೇ, "ಮೇಲಿನ ಸೆಟ್ಟು ಇನ್ನೂ ಒತ್ತುತ್ತೆ ಕಣೇ" ಎಂದರು. ಅವರ ಬಾಯಲ್ಲಿರುವ ಎರಡೂ ಸೆಟ್ಟು ಹಲ್ಲಕ್ಕನೇ ಮಾಡಿದ್ದು, ತನ್ನ ಕೈಯಿಂದ ಬಂದ ಅತ್ಯುತ್ತಮ ಕೆಲಸ ಎಂದು ಅವಳೇ ಹೇಳಿಕೊಳ್ಳುವಂಥದ್ದು. ಚಿಕ್ಕಮ್ಮ ಮಾತ್ರ ಒತ್ತುತ್ತದೆ ಎನ್ನುವುದನ್ನು ಬಿಟ್ಟಿರಲಿಲ್ಲ.

ಅಂಗಿ ಗುಂಡಿಗಳ ಡಬ್ಬದ ತಳದಿಂದ ಉಂಗುರ ಹೊರಬಂತು. ಮೊಟ್ಟೆಯಾಕಾರದ ಕೆಂಪು ಹರಳು, ಸುತ್ತ ಕಾಳುಗಳ ಸಾಲು. ಪಾಲಿಶ್ ಹೊಡೆದು ಹೊಡೆದು ಕಾಳುಗಳೆಲ್ಲ ಕರಗಿದ ಸಕ್ಕರೆಯ ಹಾಗೆ ಒಂದರೊಳಗೊಂದು ಸೇರಿಕೊಂಡಿದ್ದವು. ಬೆರಳನ್ನು ಬಳಸುವ ಕೆಳಗಿನ ಸುತ್ತು ದಪ್ಪ, ಗಟ್ಟಿಮುಟ್ಟು.

"ಇಸವಿ ನೋಡು, ಇಸವಿ" ಎಂದು ಚಿಕ್ಕಮ್ಮ ಬೆರಳು ಊರಿ ತೋರಿಸಿದರು. "ನನಗೇನು ಓದೋಕೆ ಬರಲ್ವಾ?"

ಹಲ್ಲಕ್ಕ ಅಮ್ಮನ ಉಂಗುರ ತೆಗೆದು ಎರಡನ್ನೂ ಪಕ್ಕಪಕ್ಕ ಒತ್ತಿ ಹಿಡಿದಳು. ಸೇರಲಿಲ್ಲ. ಕೆಂಪನ್ನು ತಿರುಗಿಸಿ ಇಟ್ಟಳು. ಆಗಲೂ ಸೇರಲಿಲ್ಲ. ಎರಡು ಹರಳುಗಳ ಮನೆಗಳ ನಡುವೆ ಉಗುರು ತೂರುವಷ್ಟು ಜಾಗ ಉಳಿದೇ ಉಳಿಯಿತು. ಅವಳ ಮುಖ ಇಂಗು ತಿಂದ ಮಂಗನಂತಾಯಿತು.

"ನಾನು ಹೇಳಲಿಲ್ವಾ?" ಎಂದರು ಚಿಕ್ಕಮ್ಮ. ಗೆದ್ದವರ ದನಿಯೇನೂ ಅದಾಗಿರಲಿಲ್ಲ.

ಇಷ್ಟಕ್ಕೇ ಎದ್ದು ಬಂದಿದ್ದರೆ ಅವಳು ಹಲ್ಲಕ್ಕ ಹೇಗಾದಾಳು? ಬೇರೆ ಹೆಂಗಸರ ಪರ್ಸಿನಲ್ಲಿ ಕರವಸ್ತ್ರ ಇರುವ ಕಡೆ ಇವಳ ಪರ್ಸಿನಲ್ಲಿ ಕಚ್ಚಿಸುವ ನೀಲಿ ಕಾಗದ ಇರುತ್ತದೆ. ಹೊಸ ಹಲ್ಲು ಕೂರಿಸಿದಾಗ ಅದನ್ನು ನಡುವೆ ಇಟ್ಟು ಕಚ್ಚಿಸಿದರೆ ಎಲ್ಲಿ ತಗಲುತ್ತದೋ ಅಲ್ಲಿ ನೀಲಿ ಬೀಳುತ್ತದೆ. ಒಂದು ಚೂರು ಹರಿದು ಎರಡು ಉಂಗುರಗಳ ನಡುವೆ ಇಟ್ಟು ಅದುಮಿದಳು, ಬಿಡಿಸಿ ನೋಡಿದಳು. ಹರಳಿನ ಮನೆಗಳಿಗೆ ಒಂದು ಚುಕ್ಕೆಯೂ ಹತ್ತಿರಲಿಲ್ಲ. ನೀಲಿ ಬಿದ್ದದ್ದೆಲ್ಲ ಕೆಳಗಿನ ಸುತ್ತಿನ ಮೇಲೆ.

"ಎತ್ತರ!" ಎಂದು ಕೂಗಿಯೇಬಿಟ್ಟಳು. "ಚಿಕ್ಕಮ್ಮ, ಇದು ಎತ್ತರ ಆಗಿದೆ!"

"ಏನೇ ಅದು ಎತ್ತರ?"

"ಒಂದು ಹಲ್ಲಿಗೆ ಸಿಮೆಂಟು ಜಾಸ್ತಿ ತುಂಬಿದ್ರೆ ಬಾಯಿ ಪೂರ್ತಿ ಮುಚ್ಚಲ್ಲ ನೋಡಿ, ಹಾಗೆ. ನಿಮ್ಮ ಉಂಗುರದ ಸುತ್ತು ದಪ್ಪ. ಅದೇ ಅಡ್ಡ ಬಂದು ಎರಡೂ ತಲೆ, ಅಂದ್ರೆ ಹರಳಿನ ಮನೆ, ಸೇರೋಕೆ ಬಿಡ್ತಾ ಇಲ್ಲ. ಸುತ್ತು ಇಲ್ದೇ ತಲೆ ಮಾತ್ರ ಸೇರಿಸಿ ನೋಡ್ಬೇಕು."

"ಕತ್ತರಿಸ್ತೀಯಾ?"

"ಛೇ, ಇಲ್ಲ. ಹಲ್ಲಿಗೆ ತೆಗೆದ ಹಾಗೆ ಅಚ್ಚು ತೆಗೀತೀನಿ. ಉಂಗುರ ಕೊಡಿ, ಸಂಜೆಗೆ ವಾಪಸ್ಸು ತರ್ತೀನಿ."

ಚಿಕ್ಕಮ್ಮ ಉಂಗುರ ಕೊಡಲಿಲ್ಲ. ಇಷ್ಟು ವರ್ಷ ಬೇಡ ಎನ್ನುತ್ತಿದ್ದ ಒಡವೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, "ನಾನೂ ಬರ್ತೀನಿ" ಎಂದು ಶಾಲು ಹೊದ್ದರು.

ಆ ಕೋಣೆಗೆ ಚಿಕ್ಕಮ್ಮ ಹಿಂದೆ ಬಂದದ್ದು ಬಾಯಿ ತೆರೆದು ಕೂರಲು ಮಾತ್ರ. ಈಗ ಸ್ಟೂಲಿನ ಮೇಲೆ ಕೂತು ಬಾಯಿ ಬಿಗಿದುಕೊಂಡು ನೋಡಿದರು. ಹಲ್ಲಕ್ಕ ಮೆತ್ತನೆಯ ಅಚ್ಚಿನ ಹಿಟ್ಟಿಗೆ ಉಂಗುರಗಳನ್ನು ಒಂದೊಂದಾಗಿ ಒತ್ತಿ ತೆಗೆದಳು, ಉಳಿದ ಕುಳಿಗೆ ಪ್ಲಾಸ್ಟರ್ ಹೊಯ್ದಳು, ಆರಲು ಬಿಟ್ಟಳು. ಕಾಯುತ್ತ ಕೂತಾಗ ಚಿಕ್ಕಮ್ಮ ಹಲಗೆಯ ಮೇಲಿನ ದವಡೆಗಳನ್ನು ಒಂದೊಂದಾಗಿ ನೋಡಿದರು.

"ಇದರಲ್ಲಿ ಅಕ್ಕನದು ಯಾವುದು?"

ಹಲ್ಲಕ್ಕ ತಲೆಯೆತ್ತದೆ ಮೇಲಿನ ಸಾಲಿನ ಮೂಲೆ ತೋರಿಸಿದಳು. ಚಿಕ್ಕಮ್ಮ ಅದನ್ನು ಮುಟ್ಟಲಿಲ್ಲ. ಎದ್ದು ಹತ್ತಿರ ಹೋಗಿ ನಿಂತು, ತಿರುಗಿ ಬಂದು ಕೂತರು.

ಪ್ಲಾಸ್ಟರ್ ಆರಿತು. ಅಚ್ಚಿನಿಂದ ಎರಡು ಬಿಳಿ ಉಂಗುರ ಬಂದವು. ಹಲ್ಲಕ್ಕ ಚಾಕುವಿನಿಂದ ಸುತ್ತುಗಳನ್ನು ಕೆರೆದು ಹಾಕಿದಳು, ಕೈಯಲ್ಲಿ ಉಳಿದದ್ದು ಎರಡು ತಲೆಗಳು. ಒಂದಕ್ಕೊಂದು ತಾಗಿಸಿದಳು. ಕಟ್ ಎಂದು ಕೂತುಬಿಟ್ಟವು. ಅಲುಗಿಸಿದರೆ ಅಲುಗಲಿಲ್ಲ. ನೀಲಿ ಕಾಗದ ಇಟ್ಟು ಅದುಮಿ ಬಿಡಿಸಿದಾಗ ಎರಡರ ಮೇಲೂ ಒಂದೇ ಆಕಾರದ ನೀಲಿ ಬಿದ್ದಿತ್ತು, ಉಗುರು ಕತ್ತರಿಸಿ ಹಾಕಿದ ಚೂರಿನಂತೆ ಬಾಗಿದ್ದು. ಹಸಿರು ಉಂಗುರದ ಆ ಪುಟ್ಟ ಗುಳಿ ಇತ್ತಲ್ಲ, ಅದರೊಳಗೆ ಕೆಂಪು ಉಂಗುರದ ಒಂದು ಕಾಳು ಹೋಗಿ ಕೂರುತ್ತಿತ್ತು. ಪಾಲಿಶಿನಲ್ಲಿ ಉಳಿದದ್ದು ಅದು ಅರ್ಧ ಕಾಳು ಮಾತ್ರ, ಆದರೂ ತನ್ನ ಜಾಗ ಮರೆತಿರಲಿಲ್ಲ.

"ನೀವೇ ಕೂರಿಸಿ ನೋಡಿ" ಎಂದು ಹಲ್ಲಕ್ಕ ಎರಡನ್ನೂ ಚಿಕ್ಕಮ್ಮನ ಅಂಗೈಗೆ ಹಾಕಿದಳು. ಚಿಕ್ಕಮ್ಮ ಕೂರಿಸಿದರು, ಬಿಡಿಸಿದರು, ಮತ್ತೆ ಕೂರಿಸಿದರು.

"ಹಾಗಾದ್ರೆ ಈ ಇಸವಿ?" ಎಂದರು. ಅಷ್ಟು ವರ್ಷ ನಂಬಿದ್ದನ್ನು ಒಂದು ಪ್ಲಾಸ್ಟರಿನ ಚೂರಿಗಾಗಿ ಬಿಟ್ಟುಕೊಡಲು ಯಾರಿಗೆ ಮನಸ್ಸಾದೀತು?

"ಅದನ್ನ ನಾನು ಹೇಳೋಕಾಗಲ್ಲ. ಬನ್ನಿ, ಹೇಳುವವರ ಹತ್ರ ಹೋಗೋಣ."

ಅಕ್ಕಸಾಲಿ ಅಂಗಡಿಯ ಬಾಗಿಲು ಅರ್ಧ ಎಳೆದಿದ್ದರು. ಚಿಕ್ಕಮ್ಮನನ್ನು ನೋಡಿ, "ಕರಗಿಸೋದು ನಾಳೆ ಅಂದಿದ್ರಲ್ಲಮ್ಮ?" ಎಂದರು. ಹಲ್ಲಕ್ಕ ಎರಡು ಉಂಗುರಗಳನ್ನೂ ಅವರ ಮುಂದಿಟ್ಟಳು. ಮುದುಕರು ಗಾಜು ಏರಿಸಿದರು. ಕೆಂಪು ಹರಳಿನ ಹಿಂಭಾಗ ನೋಡಿದರು, ಸುತ್ತು ಮತ್ತು ತಲೆ ಸೇರುವ ಜಾಗದಲ್ಲಿ ಉಗುರು ಎಳೆದು ನೋಡಿದರು.

"ಬೆಸುಗೆ" ಎಂದರು. "ಇಲ್ಲೊಂದು, ಈ ಕಡೆ ಒಂದು. ಸುತ್ತಿನ ಚಿನ್ನ ಬೇರೆ, ತಲೆಯ ಚಿನ್ನ ಬೇರೆ. ಬಣ್ಣ ನೋಡಿ, ಗೊತ್ತಾಗುತ್ತೆ. ಮುದ್ರೆ ಇರೋದು ಸುತ್ತಿನ ಮೇಲೆ. ಹಾಗಾಗಿ ಆ ಇಸವಿ ಸುತ್ತಿನ ವಯಸ್ಸು, ಉಂಗುರದ್ದಲ್ಲ. ತಲೆ ಇದೆಯಲ್ಲ, ಇದೂ ಹಿಂದೆ ಮುಚ್ಚಿದ್ದೇ, ಇದಕ್ಕೂ ತಗಡು ಇಟ್ಟಿದ್ದಾರೆ. ಎರಡನ್ನೂ ಒಬ್ಬನೇ ಕಟ್ಟಿರೋದು."

"ಹಾಗಾದ್ರೆ ಹಳೇ ಸುತ್ತು ಏನಾಯ್ತು?" ಹಲ್ಲಕ್ಕ ಕೇಳಿದಳು.

"ಸವೆದು ಮುರಿದಿರುತ್ತೆ. ಜೋಡಿ ಹಾಕ್ಕೊಂಡ್ರೆ ಒಂದು ಬೇಗ ತೆಳ್ಳಗಾಗುತ್ತೆ. ಮುರಿದದ್ದನ್ನ ಯಾವ ಕಾಲದಲ್ಲೋ ಎತ್ತಿಟ್ಟಿದ್ದಾರೆ, ಆಮೇಲೆ ಯಾರೋ ತಂದು ಹೊಸ ಸುತ್ತು ಹಾಕಿಸಿದ್ದಾರೆ, ಮಿರಮಿರ ಅನ್ನೋ ಹಾಗೆ ಪಾಲಿಶ್ ಮಾಡಿಸಿದ್ದಾರೆ. ಹಸಿರು ಉಂಗುರಕ್ಕೆ ಯಾರೂ ಏನೂ ಮಾಡಿಸಿಲ್ಲ. ಈ ಕೆಂಪು ಉಂಗುರಕ್ಕೇ ಮುತುವರ್ಜಿ ಮಾಡಿರೋದು." ಆಮೇಲೆ ಕೇಳಿದರು, "ಏನ್ ಮಾಡ್ಲಿ, ಕರಗಿಸಲಾ?"

ಚಿಕ್ಕಮ್ಮ ಉಂಗುರವನ್ನು ಮೇಜಿನಿಂದ ಕಸಿದುಕೊಂಡರು. ಎಂಬತ್ತರ ಕೈ ಅಷ್ಟು ಚುರುಕು ಎಂದು ಹಲ್ಲಕ್ಕನಿಗೂ ಗೊತ್ತಿರಲಿಲ್ಲ.

ಇಬ್ಬರೂ ಗಲ್ಲಿಗಿಳಿದು ನಡೆದರು. ಹಣ್ಣಿನ ಗಾಡಿಯವನು ದಾರಿ ಬಿಡಿ ಎಂದು ಕೂಗಿದಾಗ ಗೋಡೆಗೆ ಒತ್ತಿ ನಿಂತರು. ಗಾಡಿ ಹೋದ ಮೇಲೂ ಚಿಕ್ಕಮ್ಮ ಅಲ್ಲೇ ನಿಂತಿದ್ದರು.

"ಮುರಿದದ್ದನ್ನ ಚಿಕ್ಕವಳಿಗೆ ಹೇಗೆ ಕೊಡೋದು ಅಂದ್ಕೊಂಡಿರ್ತಾಳೆ ನಮ್ಮಮ್ಮ" ಎಂದರು. "ಆ ಕಾಲು ನೋವು ಇಟ್ಕೊಂಡು ಅಂಗಡಿಗೆ ಹೋಗಿ, ಸರಿಮಾಡಿಸಿ, ಹತ್ತಿ ಹಾಸಿ... ಒಂದು ಮಾತು ಹೇಳ್ಬಾರ್ದಿತ್ತಾ ಮಹಾರಾಯ್ತಿ?"

"ಇಬ್ರಿಗೂ ಒಂದೇ ಸಮ ಅಂತ ಹೇಳಿದ್ರಲ್ಲ, ಚಿಕ್ಕಮ್ಮ."

"ಹೇಳಿದ್ಳು" ಎಂದರು ಚಿಕ್ಕಮ್ಮ. "ನಾನು ಕೇಳಿಸ್ಕೊಂಡ್ನಾ? ಇಸವಿ ಓದ್ತಾ ಕೂತಿದ್ದೆ."

ಸ್ವಲ್ಪ ದೂರ ನಡೆದು ಮತ್ತೆ ನಿಂತರು. "ಅಕ್ಕನಿಗೆ ಗೊತ್ತಿತ್ತಾ?"

ಹಲ್ಲಕ್ಕ ಸುಳ್ಳು ಹೇಳಬಹುದಿತ್ತು. ಆದರೆ ಪಾತ್ರೆ ತೊಳೆಯುವ ಕಲ್ಲಿನ ಮುಂದೆ ಅಮ್ಮ ಗೊಣಗುತ್ತಿದ್ದ ಮಾತು, ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಯಿತೆಂದುಕೊಂಡದ್ದು, ಪೂರ್ತಿ ಒಳಗೇ ಉಳಿದಿತ್ತು. "ಎಲ್ಲಿ ಗೊತ್ತಿತ್ತು? ನಿಮಗೆ ಹೊಳೆಯೋದು ಕೊಟ್ರು, ತನಗೆ ಮಾತ್ರ ಹಾಕ್ಕೊಂಡು ಬಿಟ್ಟ ಹಳೇದು ಅಂತ ಅಮ್ಮ ಕೊನೇವರೆಗೂ ಮುಖ ಊದಿಸ್ಕೊಂಡಿದ್ಳು."

ಚಿಕ್ಕಮ್ಮ ಬೆರಗಾಗಿ ನೋಡಿದರು. ಆಮೇಲೆ ನಕ್ಕರು. ನಡುಬೀದಿಯಲ್ಲಿ ಹೊಟ್ಟೆ ಹಿಡಿದುಕೊಂಡು, ಮೇಲಿನ ಸೆಟ್ಟು ಜಾರುವಷ್ಟು ನಕ್ಕರು. ಕೈಯಿಂದ ಹಲ್ಲು ಒತ್ತಿ ಹಿಡಿದು, "ಅಯ್ಯೋ, ಅವಳಿಗೂನಾ! ಅವಳಿಗೂ ನನ್ನ ಮೇಲೆ ಹೊಟ್ಟೆಕಿಚ್ಚಾ!" ಎಂದರು. ನಗು ಯಾವಾಗ ಅಳುವಾಯಿತೋ ಹಲ್ಲಕ್ಕನಿಗೆ ತಿಳಿಯಲಿಲ್ಲ. ಅವಳು ಚಿಕ್ಕಮ್ಮನ ತೋಳು ಹಿಡಿದು ನಿಂತಳು. ಅಮ್ಮ ಇನ್ನೊಂದಿಷ್ಟು ತಿಂಗಳು ಇದ್ದಿದ್ದರೆ, ತಾನು ಈ ಭೂತಗನ್ನಡಿಯ ಕೆಳಗೆ ಉಂಗುರವನ್ನು ಒಂದು ವರ್ಷ ಮುಂಚೆ ಹಿಡಿದಿದ್ದರೆ ಎಂದು ಲೆಕ್ಕ ಹಾಕಿದಳು. ಊರವರ ಬಾಯೊಳಗೆಲ್ಲ ಇಣುಕಿದವಳು ಅಮ್ಮನ ಬೆರಳನ್ನು ನೋಡಿರಲಿಲ್ಲ.

ಮನೆಯ ಮೆಟ್ಟಿಲಿನ ಬುಡದಲ್ಲಿ ಚಿಕ್ಕಮ್ಮ ಕೆಂಪು ಉಂಗುರವನ್ನು ಬೆರಳಿಗೆ ಏರಿಸಲು ನೋಡಿದರು. ಗಂಟಿನ ಹತ್ತಿರ ನಿಂತಿತು. ಒತ್ತಿದರು, ತಿರುಗಿಸಿದರು. ಕೊನೆಗೆ ಕಿರುಬೆರಳಿಗೆ ಹೋಯಿತು. ಅಂಗೈ ಚಾಚಿದರು.

"ಅಕ್ಕನದೂ ಕೊಡು. ಇವತ್ತೊಂದು ರಾತ್ರಿ ಇಲ್ಲಿರಲಿ."

ಹಲ್ಲಕ್ಕ ಹಸಿರು ಉಂಗುರವನ್ನು ಆ ಅಂಗೈಯಲ್ಲಿಟ್ಟಳು. ಚಿಕ್ಕಮ್ಮ ಅದನ್ನೂ ಅದೇ ಕಿರುಬೆರಳಿಗೆ ಹಾಕಿಕೊಂಡರು, ಸವೆದ ಪಕ್ಕವನ್ನು ಕೆಂಪಿನ ಕಡೆಗೆ ತಿರುಗಿಸಿ. ದಪ್ಪ ಸುತ್ತು ಅಡ್ಡ ಬಂದು ಅವು ಪೂರ್ತಿ ಸೇರಲಿಲ್ಲ. ಚಿಕ್ಕಮ್ಮ ಇನ್ನೊಂದು ಕೈಯಿಂದ ಎರಡನ್ನೂ ಒತ್ತಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು.